ಯಾರಿಗೆ ಅಂತ ಹೇಳಿ, ಯಾಕೆ ಅಂತ ಬೇಡ

ಬೇರೆಯವರಿಗಾಗಿ ದೇವರನ್ನು ಬೇಡಿಕೊಳ್ಳುವುದು ಸುಲಭದ ಕೆಲಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತನಗಾಗಿ ಬೇಡಿಕೊಳ್ಳುವವನಿಗೆ ಅವನ ಹಲ್ಲುನೋವೇ ನೆನಪು ಮಾಡಿಕೊಡುತ್ತದೆ. ಬೇರೆಯವರ ಹಲ್ಲುನೋವನ್ನು ನಾವಾಗಿ ನೆನಪಿಟ್ಟುಕೊಳ್ಳಬೇಕು. ಅದೂ ದಿನಾ, ಒಂದು ದಿನ ತಪ್ಪದೆ, ಅವರು ಗುಣವಾಗಿ ಮನೆಗೆ ಹೋಗಿ ನಮ್ಮ ಮುಖವನ್ನೇ ಮರೆತ ಮೇಲೂ. ಈ ಕೆಲಸವನ್ನು ಒಬ್ಬ ಹೆಂಗಸು ಇಪ್ಪತ್ತೆರಡು ವರ್ಷ ಮಾಡಿದಳು. ಯಾರೂ ಅವಳನ್ನು ಅದಕ್ಕೆ ನೇಮಿಸಿರಲಿಲ್ಲ, ಯಾರೂ ಬೇಡ ಎಂದೂ ಹೇಳಲಿಲ್ಲ.

ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳ ಕೆಲಸ. ಮೇಲಿನ ಏಳು ವಾರ್ಡುಗಳಿಂದ ಗಂಟು ಕಟ್ಟಿ ಇಳಿಸಿದ ಹಾಸಿಗೆ ಬಟ್ಟೆ, ರೋಗಿಗಳ ಅಂಗಿ, ನರ್ಸುಗಳ ಬಿಳಿ ಕೋಟು ಎಲ್ಲವನ್ನೂ ವಿಂಗಡಿಸಬೇಕು, ಯಂತ್ರಕ್ಕೆ ಹಾಕಬೇಕು, ಒಣಗಿ ಬಂದದ್ದನ್ನು ಮಡಚಿ ಗಾಡಿಯಲ್ಲಿ ಪೇರಿಸಿ ಮತ್ತೆ ಮೇಲಕ್ಕೆ ತಲುಪಿಸಬೇಕು. ಮಧ್ಯಾಹ್ನ ಒಂದು ಗಂಟೆಗೆ ಯಂತ್ರಗಳು ಇಪ್ಪತ್ತು ನಿಮಿಷ ನಿಲ್ಲುತ್ತಿದ್ದವು. ಉಳಿದವರು ಡಬ್ಬಿ ಬಿಚ್ಚಿ ಊಟಕ್ಕೆ ಕೂತರೆ ಇವಳು ಆಗತಾನೆ ಮಡಚಿಟ್ಟ ಬಿಸಿ ಬಟ್ಟೆಯ ರಾಶಿಯ ಮೇಲೆ ಎರಡೂ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಮೂರನೇ ವಾರ್ಡಿನ ಕಿಟಕಿ ಪಕ್ಕದ ಅಜ್ಜ, ಐದನೇ ವಾರ್ಡಿನಲ್ಲಿ ಯಾರ ಜೊತೆಗೂ ಮಾತಾಡದ ಹುಡುಗಿ, ಗೇಟಿನ ಕಾವಲುಗಾರನ ಹೆಂಡತಿ, ಅಡುಗೆ ಕೋಣೆಯವಳ ಅಳಿಯ. ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಹದಿನೈದು ನಿಮಿಷ ಹೀಗೆ ಕಳೆದು, ಉಳಿದ ಐದು ನಿಮಿಷದಲ್ಲಿ ಗಬಗಬನೆ ಊಟ ಮುಗಿಸುತ್ತಿದ್ದಳು.

ಬಾಯ್ಲರ್ ನೋಡಿಕೊಳ್ಳುವವನು ಮಹಾ ಕುಚೇಷ್ಟೆಯ ಆಸಾಮಿ. ‘ನಮ್ಮದೆಲ್ಲ ಇಲ್ಲೇ ಕಸದ ಬುಟ್ಟಿಗೆ ಹೋಗುತ್ತೆ ಕಣ್ರೋ, ಈ ಅಕ್ಕನ ಅರ್ಜಿಗೆ ಮಾತ್ರ ಮೇಲೆ ಸೀಲು ಬೀಳುತ್ತೆ’ ಎಂದು ಒಂದು ದಿನ ನಗಾಡಿದ. ಅಂದಿನಿಂದ ಅವಳು ಅರ್ಜಿಯಕ್ಕ. ಅವಳಿಗೆ ಈ ಹೆಸರಿನ ಬಗ್ಗೆ ಬೇಸರವೇನೂ ಇರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು. ಅವನೇ ಮುಂದಿನ ತಿಂಗಳು ತಲೆ ಕೆರೆದುಕೊಂಡು ಬಂದು, ತನ್ನ ತಮ್ಮನ ಕಣ್ಣಿನ ಆಪರೇಷನ್ ಇದೆ, ಒಂದು ಅರ್ಜಿ ಹಾಕಿಬಿಡಕ್ಕ ಅಂದ. ಅವಳು ಹಾಕಿದಳು, ತಮ್ಮನ ಕಣ್ಣು ಸರಿಯಾಯಿತು. ಅದಾದ ಮೇಲೆ ಕೇಳಬೇಕೆ? ಎಲ್ಲ ವಾರ್ಡಿನಿಂದಲೂ ಜನ ನೆಲಮಾಳಿಗೆಗೆ ಇಳಿದು ಬರತೊಡಗಿದರು.

ಅರ್ಜಿಯಕ್ಕನಿಗೆ ಎರಡು ನಿಯಮಗಳಿದ್ದವು. ಮೊದಲನೆಯದು, ವಿಷಯ ಕೇಳಬಾರದು. ಇದಕ್ಕೊಂದು ಕಾರಣವಿತ್ತು. ಶುರುವಿನ ದಿನಗಳಲ್ಲಿ ಗುಡಿಸುವವಳೊಬ್ಬಳು ತನ್ನ ಇಬ್ಬರು ಅಣ್ಣಂದಿರ ಮನೆ ಜಗಳವನ್ನು ಒಂದು ಗಂಟೆ ಕೂತು ಹೇಳಿದಳು. ಆ ಮಧ್ಯಾಹ್ನ ಪ್ರಾರ್ಥನೆಗೆ ನಿಂತ ಇವಳು, ದೊಡ್ಡವನದೇ ನ್ಯಾಯ, ಆದರೆ ಅವನ ಹೆಂಡತಿಯ ನಾಲಿಗೆ ಸ್ವಲ್ಪ ಉದ್ದ, ಅದನ್ನೂ ಒಂಚೂರು ನೋಡಿಕೋ ಎಂದು ದೇವರಿಗೇ ಬುದ್ಧಿ ಹೇಳುತ್ತ ನಿಂತಿದ್ದಳಂತೆ. ಗಕ್ಕನೆ ಎಚ್ಚರವಾಗಿ ನಾಚಿಕೆಯಿಂದ ನೀರಾಗಿಹೋದಳು. ದೇವರಿಗೆ ತೀರ್ಪು ಬರೆದುಕೊಡುವುದಕ್ಕೆ ತಾನು ಯಾರು? ಅವತ್ತಿನಿಂದ ಯಾರೇ ಬಂದು ಬಾಯಿ ತೆರೆದರೂ ಕೈ ಅಡ್ಡ ಹಿಡಿದು ಒಂದೇ ಮಾತು: ‘ಯಾರಿಗೆ ಅಂತ ಹೇಳಿ, ಯಾಕೆ ಅಂತ ಬೇಡ. ಯಾಕೆ ಅನ್ನೋದು ಅವನಿಗೆ ಗೊತ್ತು.’ ಜನಕ್ಕೆ ಇದು ಭಾರಿ ಇಷ್ಟವಾಯಿತು. ಮುಚ್ಚಿಟ್ಟದ್ದು ಮುಚ್ಚಿಟ್ಟ ಹಾಗೇ ಇರುತ್ತದೆ, ಪ್ರಾರ್ಥನೆಯೂ ಆಗುತ್ತದೆ. ಯಾರಿಗೆ ಬೇಡ ಹೇಳಿ?

ಎರಡನೆಯ ನಿಯಮ, ಸ್ವಂತ ಮನೆಯವರಿಗಾಗಿ ಬೇಡಿಕೊಳ್ಳಬಾರದು. ‘ನಮ್ಮವರಿಗೆ ನಾವೇ ಶಿಫಾರಸು ಮಾಡೋದಾ? ಛೀ. ಊರವರ ಕೆಲಸ ನಾನು ಮಾಡಿದ್ರೆ ನನ್ನ ಮನೆದು ಅವನು ಕೇಳದೇನೇ ನೋಡ್ಕೋತಾನೆ’ ಎನ್ನುತ್ತಿದ್ದಳು. ಅವನ ಹತ್ತಿರ ಅನ್ಯಾಯ ಇಲ್ಲ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗಂಡ ಇದೇ ಆಸ್ಪತ್ರೆಯ ನಾಲ್ಕನೇ ವಾರ್ಡಿನಲ್ಲಿ ಜ್ವರದಿಂದ ಹೋದಾಗ ಅವಳ ಮಡಿಲಲ್ಲಿ ನಾಲ್ಕು ವರ್ಷದ ಮಗಳು. ಎಲ್ಲಿಗೆ ಹೋಗುವುದು, ಏನು ತಿನ್ನುವುದು ಎಂದು ವಾರ್ಡಿನ ಬಾಗಿಲಲ್ಲಿ ಕುಸಿದು ಕೂತಿದ್ದವಳನ್ನು ಎಬ್ಬಿಸಿ ಲಾಂಡ್ರಿಗೆ ಕರೆದುಕೊಂಡು ಬಂದು ಕೆಲಸಕ್ಕೆ ಹಚ್ಚಿದವರು ಆಗಿನ್ನೂ ಈ ಆಸ್ಪತ್ರೆಗೆ ಹೊಸಬರಾಗಿದ್ದ ಒಬ್ಬ ನರ್ಸು. ದೇವರು ನೋಡಿಕೊಳ್ಳುತ್ತಾನೆ ಎನ್ನುವುದಕ್ಕೆ ಅವಳಿಗೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಆ ನರ್ಸೇ ಮುಂದೆ ನಾಲ್ಕನೇ ವಾರ್ಡಿನ ಮುಖ್ಯಸ್ಥೆಯಾದರು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಮಗಳು ಶಾಲೆ ಮುಗಿಸಿದಾಗ ನರ್ಸಿಂಗ್ ಓದಿಗೆ ಅರ್ಜಿ ತುಂಬಿಕೊಟ್ಟವರು ಅವರೇ, ಓದು ಮುಗಿದಾಗ ತಮ್ಮ ವಾರ್ಡಿಗೇ ಸೇರಿಸಿಕೊಂಡವರೂ ಅವರೇ. ಮಗಳು ಮೊದಲ ದಿನ ಬಿಳಿ ಕೋಟು ಹಾಕಿಕೊಂಡು ಬಂದಾಗ ಅರ್ಜಿಯಕ್ಕ ಅದರ ಕಾಲರನ್ನು ಮೂರು ಸಲ ನೇವರಿಸಿದ್ದಳು. ತಾನು ಮಡಚುವ ಕೋಟನ್ನು ತನ್ನ ಮಗಳೇ ಹಾಕಿಕೊಳ್ಳುತ್ತಾಳೆ ಎಂದರೆ ಸುಮ್ಮನೆ ಮಾತೇ? ದೊಡ್ಡ ಸಿಸ್ಟರ್ ಎಂದರೆ ಅವಳಿಗೆ ದೇವರು ಕಳಿಸಿದ ಮನುಷ್ಯರು. ಅವರ ವಿರುದ್ಧ ಯಾರಾದರೂ ಒಂದು ಮಾತಾಡಿದರೂ ಅಲ್ಲಿಂದ ಎದ್ದುಹೋಗುತ್ತಿದ್ದಳು.

ಲಾಂಡ್ರಿಯ ಒಂದು ಪದ್ಧತಿ ಹೇಳಿಬಿಡಬೇಕು. ಯಂತ್ರಕ್ಕೆ ಹಾಕುವ ಮೊದಲು ಪ್ರತಿ ಕೋಟಿನ ಜೇಬಿಗೂ ಕೈ ಹಾಕಿ ನೋಡಬೇಕು. ಒಂದು ಪೆನ್ನು ಉಳಿದರೂ ಸಾಕು, ನೂರು ಬಿಳಿ ಬಟ್ಟೆ ನೀಲಿಯಾಗುತ್ತವೆ. ಜೇಬಿನಲ್ಲಿ ಏನೇನು ಸಿಗುತ್ತಿತ್ತು ಅಂತೀರಿ! ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು, ಪ್ರೇಮಪತ್ರ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು. ಸಿಕ್ಕಿದ್ದನ್ನೆಲ್ಲ ಒಂದು ತಗಡಿನ ಡಬ್ಬದಲ್ಲಿ ಹಾಕಿ, ಅವರವರದನ್ನು ಅವರವರ ಕೈಗೇ ಕೊಡಬೇಕು, ತುಟಿ ಪಿಟಕ್ಕೆನ್ನಬಾರದು. ಅರ್ಜಿಯಕ್ಕ ಇದರಲ್ಲಿ ಎತ್ತಿದ ಕೈ. ಪ್ರೇಮಪತ್ರವನ್ನೂ ಕರವಸ್ತ್ರ ಕೊಟ್ಟ ಹಾಗೇ ಕೊಟ್ಟು ಬರುತ್ತಿದ್ದಳು.

ಅದೊಂದು ಬುಧವಾರ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದೊಡ್ಡ ಸಿಸ್ಟರ್ ತಾವಾಗಿ ನೆಲಮಾಳಿಗೆಗೆ ಇಳಿದು ಬಂದರು. ಅಷ್ಟು ವರ್ಷದಲ್ಲಿ ಅವರು ಲಾಂಡ್ರಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಮೆಟ್ಟಿಲಿಳಿದು ಬಂದ ರಭಸಕ್ಕೆ ಏದುಸಿರು ಬಿಡುತ್ತಿದ್ದರು.

‘ಅಕ್ಕ, ನನ್ನ ಕೋಟು ಬಂತಾ? ನಿನ್ನೆ ಹಾಕ್ಕೊಂಡಿದ್ದು?’

‘ಬಂತಲ್ಲ ಸಿಸ್ಟರ್, ಈಗಷ್ಟೇ ಯಂತ್ರಕ್ಕೆ ಹಾಕಿದೆ.’

ಅವರ ಮುಖ ಬಿಳಚಿಕೊಂಡಿತು. ‘ಜೇಬು ನೋಡಿದ್ರಾ?’

‘ನೋಡದೆ ಹಾಕ್ತೀನಾ? ಒಂದು ಚೀಟಿ ಇತ್ತು. ತಗೊಳ್ಳಿ.’ ಅರ್ಜಿಯಕ್ಕ ಡಬ್ಬದಿಂದ ನಾಲ್ಕು ಮಡಿಕೆಯ ಹಳದಿ ಚೀಟಿಯೊಂದನ್ನು ತೆಗೆದುಕೊಟ್ಟಳು. ಅದರ ಮೇಲಿದ್ದ ಡಾಕ್ಟರ ಕೋಳಿ ಕಾಲಿನ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ, ಓದಲು ಅವಳು ನೋಡಿಯೂ ಇರಲಿಲ್ಲ. ಬಣ್ಣಬಣ್ಣದ ಚೀಟಿಗಳು ವಾರಕ್ಕೆ ಹತ್ತು ಸಿಗುತ್ತಿದ್ದವು.

ದೊಡ್ಡ ಸಿಸ್ಟರ್ ಚೀಟಿಯನ್ನು ಬಿಚ್ಚಿ ನೋಡಿದರು, ಮತ್ತೆ ಮಡಚಿದರು, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಕೊಳೆ ಬಟ್ಟೆಯ ಗಂಟಿನ ಮೇಲೆಯೇ ಕುಸಿದು ಕೂತು ಬಿಕ್ಕಿದರು. ಅರ್ಜಿಯಕ್ಕ ಗಾಬರಿಯಾಗಿ ನೀರು ತಂದುಕೊಟ್ಟಳು.

‘ಅಕ್ಕ, ನೀವು ಎಲ್ಲರಿಗೋಸ್ಕರ ಬೇಡ್ಕೋತೀರ. ಇಷ್ಟು ವರ್ಷದಲ್ಲಿ ನಾನು ಏನಾದ್ರೂ ಕೇಳಿದೀನಾ? ಇವತ್ತು ಕೇಳ್ತೀನಿ. ನನಗೆ ಒಂದು ದೊಡ್ಡ ಕಷ್ಟ ಬರ್ತಾ ಇದೆ. ಅದು ನನ್ನ ತಲೆ ಮೇಲೆ ಬೀಳದ ಹಾಗೆ ಬೇಡ್ಕೊಳ್ಳಿ. ಏನು ಅಂತ ಹೇಳಿದ್ರೆ...’

‘ಬೇಡ ಬೇಡ ಸಿಸ್ಟರ್, ಹೇಳಲೇಬೇಡಿ’ ಎಂದಳು ಅರ್ಜಿಯಕ್ಕ, ಕೈ ಅಡ್ಡ ಹಿಡಿದು. ‘ನಿಮಗೆ ಅಂತ ಗೊತ್ತಾಯ್ತಲ್ಲ, ಸಾಕು.’

ನನ್ನನ್ನು ಕೇಳಿದರೆ, ಆ ಹೊತ್ತಿನಲ್ಲಿ ಯಾರಾದರೂ ಅವಳ ಕೈಯನ್ನು ಹಿಡಿದು ಕೆಳಗಿಳಿಸಬೇಕಿತ್ತು. ಯಾರೂ ಇರಲಿಲ್ಲ. ಅವಳು ಅವತ್ತು ಊಟವನ್ನೂ ಮಾಡದೆ ಇಪ್ಪತ್ತು ನಿಮಿಷ ಪೂರ್ತಿ ನಿಂತಳು. ಮೂರನೇ ವಾರ್ಡಿನ ಅಜ್ಜನಿಗೆ ಬರೀ ಒಂದು ಉಸಿರು, ಉಳಿದದ್ದೆಲ್ಲ ದೊಡ್ಡ ಸಿಸ್ಟರ್‌ಗೆ. ಬರುತ್ತಿರುವುದು ಏನೇ ಇರಲಿ ದೇವರೇ, ಅವರ ತಲೆ ಮೇಲೆ ಬೀಳಬಾರದು. ಬೇರೆ ಕಡೆ ತಿರುಗಿಸು. ಈ ಕೊನೆಯ ಮಾತು ಅವಳದೇ, ದೊಡ್ಡ ಸಿಸ್ಟರ್ ಹೇಳಿಕೊಟ್ಟದ್ದಲ್ಲ.

ಮಾರನೆಯ ದಿನ ಗುರುವಾರ ಅವಳು ಸಂಜೆ ಮನೆಗೆ ಬಂದಾಗ ಮಗಳು ಕತ್ತಲಾಗುತ್ತಿದ್ದರೂ ದೀಪ ಹಾಕದೆ ಅಡುಗೆ ಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಆ ವಾರ ಅವಳಿಗೆ ರಾತ್ರಿ ಪಾಳಿ, ಈ ಹೊತ್ತಿಗೆ ಹೊರಡುವ ತಯಾರಿಯಲ್ಲಿರಬೇಕಿತ್ತು.

‘ಕೆಲಸಕ್ಕೆ ಬರಬೇಡ ಅಂದಿದಾರಮ್ಮ. ವಿಚಾರಣೆ ಮುಗಿಯೋವರೆಗೂ.’

‘ಯಾರು?’

‘ಆಫೀಸಿನವರು. ವಾರ್ಡಲ್ಲಿ ಒಬ್ಬರು ಹೋಗಿಬಿಟ್ರು. ಅಮ್ಮ, ನಾನು...’

‘ನೀನು ತಪ್ಪು ಮಾಡಿದೀಯಾ?’

‘ಇಲ್ಲ.’

‘ನನ್ನ ಮುಖ ನೋಡಿ ಹೇಳು.’

‘ಇಲ್ಲಮ್ಮ. ನಾನು ಚಾರ್ಟಲ್ಲಿ ಇದ್ದದ್ದನ್ನೇ ಮಾಡಿದ್ದು. ಆದ್ರೆ ದೊಡ್ಡ ಸಿಸ್ಟರ್ ಏನು ಹೇಳ್ತಿದಾರೆ ಅಂದ್ರೆ...’

‘ಅವರು ಹೇಳಿದ ಹಾಗೆ ಕೇಳು. ಅವರು ನಿನ್ನ ಒಳ್ಳೇದಕ್ಕೇ ಹೇಳ್ತಾರೆ.’

‘ಅಮ್ಮ, ಒಂದು ನಿಮಿಷ ನಾನು ಹೇಳೋದನ್ನ...’

‘ಬೇಡ ಕಣೇ. ಹೇಳಬೇಡ. ವಿಷಯ ಗೊತ್ತಾದ್ರೆ ನನ್ನ ಬಾಯಿ ಸುಮ್ನಿರಲ್ಲ, ಅಲ್ಲಿ ಒಂದು ಇಲ್ಲಿ ಒಂದು ಆಡಿ ನಿನಗೇ ತೊಂದರೆ ಮಾಡ್ತೀನಿ. ನೀನು ತಪ್ಪು ಮಾಡಿಲ್ಲ. ಅದು ಅವನಿಗೆ ಗೊತ್ತು. ಅವನ ಹತ್ರ ಅನ್ಯಾಯ ಇಲ್ಲ. ಏಳು, ಮುಖ ತೊಳ್ಕೊ.’

ಮಗಳು ತಾಯಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದುಹೋಗಿ ಮುಖ ತೊಳೆದುಕೊಂಡಳು. ಮತ್ತೆ ಅವಳು ಆ ಮಾತು ಎತ್ತಲಿಲ್ಲ.

ವಿಚಾರಣೆ ಆರು ವಾರ ನಡೆಯಿತು. ಒಂದೇ ಕಟ್ಟಡ, ಒಂದೇ ಮೆಟ್ಟಿಲು, ಏಳು ವಾರ್ಡಿನಲ್ಲೂ ಅದೇ ಮಾತು. ಸ್ವಂತ ತಾಯಿಗೆ ಮಾತ್ರ ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಅವಳು ಅಷ್ಟು ಜತನದಿಂದ ಗೊತ್ತಾಗದ ಹಾಗೆ ನೋಡಿಕೊಂಡಳು. ಗಾಡಿ ತಳ್ಳಿಕೊಂಡು ವಾರ್ಡಿಗೆ ಹೋದರೆ ಜನ ತಾವಾಗಿ ಮಾತು ನಿಲ್ಲಿಸುತ್ತಿದ್ದರು. ಬಾಯ್ಲರ್‌ನವನು ಒಮ್ಮೆ ಹತ್ತಿರ ಬಂದು, ‘ಅಕ್ಕ, ನಿನ್ನ ಮಗಳ ವಿಷಯದಲ್ಲಿ ಆ ಮೇಲಿನವರು ಆಡ್ತಿರೋ ಆಟ...’ ಎಂದು ಶುರು ಮಾಡಿದ. ‘ನನ್ನ ಮಗಳ ವಿಷಯ ನನ್ನ ಮುಂದೆ ಆಡಬೇಡ. ಆಟ ನೋಡೋನು ಮೇಲೊಬ್ಬ ಇದಾನೆ’ ಎಂದು ಅವನ ಬಾಯಿ ಮುಚ್ಚಿಸಿದಳು. ಅವನು ‘ಆಯ್ತು ತಾಯಿ, ನಿನ್ನಿಷ್ಟ’ ಎಂದು ಕೈ ಮುಗಿದು ಹೋದ.

ದೊಡ್ಡ ಸಿಸ್ಟರ್ ಪ್ರತಿ ಬುಧವಾರವೂ ತಪ್ಪದೆ ಇಳಿದು ಬರುತ್ತಿದ್ದರು. ಕೋಟು ಕೊಡುವ ನೆಪ. ‘ಅಕ್ಕ, ಬಿಡಬೇಡಿ. ಇನ್ನೂ ಮುಗಿದಿಲ್ಲ’ ಎನ್ನುತ್ತಿದ್ದರು. ಇವಳು ‘ಬಿಡ್ತೀನಾ ಸಿಸ್ಟರ್?’ ಎನ್ನುತ್ತಿದ್ದಳು. ಒಮ್ಮೆ ಇವಳೇ ಸಂಕೋಚದಿಂದ, ‘ನನ್ನ ಮಗಳ ವಿಚಾರಣೆನೂ ನಡೀತಿದೆಯಂತೆ. ನೀವಿದ್ದೀರಲ್ಲ, ನನಗೇನೂ ಭಯ ಇಲ್ಲ’ ಎಂದಳು. ದೊಡ್ಡ ಸಿಸ್ಟರ್ ಗೋಡೆಯ ಕಡೆ ನೋಡುತ್ತ, ‘ಹೂಂ, ದೇವರಿದ್ದಾನೆ’ ಎಂದು ಮೆಟ್ಟಿಲು ಹತ್ತಿದರು. ಪಾಪ, ಅವರ ಕಷ್ಟವೇ ಅವರಿಗೆ ಸಾಕಾಗಿದೆ, ನನ್ನದನ್ನೂ ಯಾಕೆ ಹೇರಿದೆ ಎಂದು ಅರ್ಜಿಯಕ್ಕ ಅವತ್ತು ತನ್ನನ್ನೇ ಬೈದುಕೊಂಡಳು. ಮಧ್ಯಾಹ್ನ ಐದು ನಿಮಿಷ ಹೆಚ್ಚಿಗೆ ನಿಂತಳು.

ಏಳನೆಯ ವಾರದ ಸೋಮವಾರ ಬೆಳಿಗ್ಗೆ ಮಗಳಿಗೆ ಕಾಗದ ಬಂತು. ಕೆಲಸದಿಂದ ತೆಗೆದಿದ್ದಾರೆ. ಕೆಲಸ ಹೋದರೆ ಇನ್ನೊಂದು ಆಸ್ಪತ್ರೆ ಎನ್ನಬಹುದಿತ್ತು. ಆದರೆ ನರ್ಸುಗಳ ಪಟ್ಟಿಯಿಂದಲೇ ಅವಳ ಹೆಸರು ಹೊಡೆದು ಹಾಕಿದ್ದರು. ಇನ್ನು ಎಲ್ಲಿಯೂ ಅವಳು ನರ್ಸಲ್ಲ. ಅವಳ ಅಜಾಗರೂಕತೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಸತ್ತರು ಎಂದು ಕಾಗದದಲ್ಲಿ ಬರೆದಿತ್ತು.

ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅರ್ಜಿಯಕ್ಕ ಕೈಲಿದ್ದ ಪಾತ್ರೆ ಹಾಗೇ ಹಿಡಿದುಕೊಂಡು ನಿಂತಿದ್ದಳು. ‘ಇದು ಹೇಗಾಗುತ್ತೆ? ನೀನು ತಪ್ಪು ಮಾಡಿಲ್ಲ ಅಂದ್ಯಲ್ಲ?’

‘ಈಗ ಹೇಳಲಾ? ಈಗಲಾದ್ರೂ ಕೇಳ್ತೀಯಾ?’

‘ಹೇಳು.’

‘ಮೇಷ್ಟ್ರಿಗೆ ರಕ್ತ ತೆಳ್ಳಗಾಗೋ ಇಂಜೆಕ್ಷನ್ ನಡೀತಿತ್ತು. ಮಂಗಳವಾರ ಸಂಜೆ ಡಾಕ್ಟರು ಬಂದು ನೋಡಿ, ಇವತ್ತಿಂದ ಅದನ್ನ ನಿಲ್ಲಿಸಿ ಅಂತ ಚೀಟಿ ಬರೆದು ದೊಡ್ಡ ಸಿಸ್ಟರ್ ಕೈಗೆ ಕೊಟ್ರಂತೆ. ಮದ್ದು ಬದಲಾದ್ರೆ ಆ ಚೀಟಿನ ಚಾರ್ಟಿಗೆ ಚುಚ್ಚಬೇಕು. ನಾನು ಪಾಳಿಗೆ ಬಂದಾಗ ಚಾರ್ಟಲ್ಲಿ ಚೀಟಿ ಇರಲಿಲ್ಲ. ಯಾರೂ ಏನೂ ಹೇಳಲೂ ಇಲ್ಲ. ಚಾರ್ಟಲ್ಲಿ ಇದ್ದ ಹಾಗೆ ಇಂಜೆಕ್ಷನ್ ಕೊಟ್ಟೆ. ಬೆಳಗಾಗೋ ಹೊತ್ತಿಗೆ ರಕ್ತಸ್ರಾವ ಶುರುವಾಯ್ತು. ಗುರುವಾರ ಹೋದ್ರು. ದೊಡ್ಡ ಸಿಸ್ಟರ್ ಏನಂತಾರೆ ಗೊತ್ತಾ? ಚೀಟಿ ನನ್ನ ಕೈಗೇ ಕೊಟ್ರಂತೆ, ನಾನೇ ಎಲ್ಲೋ ಕಳ್ಕೊಂಡೆನಂತೆ. ಚೀಟಿ ಅವರ ಕಡೆ ಸಿಕ್ಕಿದ್ರೆ ಆಗಿತ್ತು. ಅವರ ಹತ್ರಾನೇ ಉಳಿದಿತ್ತು ಅಂತ ಗೊತ್ತಾಗಿಬಿಡ್ತಿತ್ತು. ಇಡೀ ವಾರ್ಡು ಹುಡುಕಿದ್ರು, ಸಿಗಲಿಲ್ಲ.’

‘ಯಾವ ಬಣ್ಣದ್ದು?’ ಎಂದಳು ಅರ್ಜಿಯಕ್ಕ.

‘ಮದ್ದು ಬದಲಾಯಿಸೋದಕ್ಕೆ ಇರೋದೇ ಒಂದು ಬಣ್ಣ. ಹಳದಿ.’

ಅರ್ಜಿಯಕ್ಕ ಪಾತ್ರೆಯನ್ನು ಕೆಳಗಿಟ್ಟಳು. ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಈ ಕೈಯಿಂದಲೇ ಕೊಟ್ಟಿದ್ದು. ಮಗಳ ಇಡೀ ಜೀವನ ನಾಲ್ಕು ಮಡಿಕೆಯಾಗಿ ಈ ಕೈಯಲ್ಲಿತ್ತು, ಡಬ್ಬದಿಂದ ತೆಗೆದು ‘ತಗೊಳ್ಳಿ’ ಎಂದು ಕೊಟ್ಟಿದ್ದಳು. ಕೊಟ್ಟ ಮೇಲೆ ನೀರನ್ನೂ ಕೊಟ್ಟಿದ್ದಳು. ಮಗಳು ‘ಏನಾಯ್ತಮ್ಮ’ ಎಂದು ಕೇಳುತ್ತಿದ್ದರೂ ಉತ್ತರ ಕೊಡದೆ, ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಯ ದಾರಿ ಹಿಡಿದಳು.

ನಾಲ್ಕನೇ ವಾರ್ಡಿನ ನರ್ಸುಗಳ ಕೋಣೆಯಲ್ಲಿ ದೊಡ್ಡ ಸಿಸ್ಟರ್ ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು. ಇವಳು ಬಾಗಿಲಲ್ಲಿ ನಿಂತಳು.

‘ಅವತ್ತು ನಾನು ಕೊಟ್ಟ ಚೀಟಿ ಎಲ್ಲಿ ಸಿಸ್ಟರ್?’

‘ಯಾವ ಚೀಟಿ?’

‘ನನ್ನ ಹತ್ರ ನಾಟಕ ಬೇಡ. ಹಳದಿದು. ಬುಧವಾರದ್ದು.’

ದೊಡ್ಡ ಸಿಸ್ಟರ್ ಎದ್ದು ಬಂದು ಇವಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ, ‘ಮರೆತುಬಿಟ್ಟೆ ಅಕ್ಕ. ಬೇಕು ಅಂತ ಮಾಡಿದ್ದಲ್ಲ. ಜೇಬಲ್ಲಿ ಹಾಕ್ಕೊಂಡೆ, ಅಷ್ಟರಲ್ಲಿ ಇನ್ಯಾರೋ ಕರೆದ್ರು, ಮರೆತೇ ಹೋಯ್ತು. ನನಗೆ ಇನ್ನು ಒಂದೂವರೆ ವರ್ಷ ಸರ್ವೀಸು. ಮನೇಲಿ ಗಂಡ ಹಾಸಿಗೆ ಹಿಡಿದಿದಾರೆ. ನಿಮ್ಮ ಮಗಳು ಚಿಕ್ಕವಳು, ಬೇರೆ ಏನಾದ್ರೂ ಮಾಡ್ಕೋತಾಳೆ’ ಎಂದರು.

‘ನನ್ನ ಮಗಳೇ ಆ ಪಾಳಿಲಿ ಇದ್ದಿದ್ದು ಅಂತ ನಿಮಗೆ ಗೊತ್ತಿತ್ತು.’

‘ಆ ಹೊತ್ತಿಗೆ ನನಗೆ ನನ್ನ ತಲೆ ಒಂದೇ ಕಾಣ್ತಿತ್ತು ಅಕ್ಕ.’

‘ಆಮೇಲೆ? ಆರು ಬುಧವಾರ ಬಂದ್ರಲ್ಲ ಸಿಸ್ಟರ್. ಬಿಡಬೇಡಿ ಬಿಡಬೇಡಿ ಅಂತ ಬಂದ್ರಲ್ಲ. ನನ್ನ ಮಗಳ ಕುತ್ತಿಗೆ ಕೊಯ್ಯೋದಕ್ಕೆ ನನ್ನ ಬಾಯಿಂದಾನೇ ಬೇಡಿಸಿದ್ರಲ್ಲ!’

‘ನೀವು ವಿಷಯ ಕೇಳಿದ್ರೆ ಹೇಳ್ತಿದ್ದೆ’ ಎಂದರು ದೊಡ್ಡ ಸಿಸ್ಟರ್. ‘ಅವತ್ತು ಹೇಳೋಕೆ ಬಾಯಿ ತೆಗೆದೆ. ನೀವೇ ಬೇಡ ಅಂದ್ರಿ.’

ಅರ್ಜಿಯಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೇಳುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು, ಆದರೆ ಬಾಯಿ ತೆಗೆದದ್ದು ನಿಜ, ಕೈ ಅಡ್ಡ ಹಿಡಿದದ್ದೂ ನಿಜ. ಚೀಟಿ ಎಲ್ಲಿ ಎಂದು ಮತ್ತೆ ಕೇಳಿದಳು. ಹರಿದು ನೀರಿಗೆ ಹಾಕಿದೆ ಎಂದರು. ಮಾತು ಮುಗಿಸಿ ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟು ತೊಟ್ಟುಕೊಂಡು ರೋಗಿಗಳನ್ನು ನೋಡಲು ಹೊರಟುಹೋದರು. ಇವಳು ಮಡಚಿಕೊಟ್ಟ ಕೋಟೇ ಅದು, ಗರಿ ಕೂಡ ಮುರಿದಿರಲಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಯ ಮುಖ್ಯಾಧಿಕಾರಿಯ ಕೋಣೆಗೆ ಹೋದಳು. ಜೀವಮಾನದಲ್ಲಿ ಒಮ್ಮೆಯೂ ಆ ಕೋಣೆಯ ಒಳಗೆ ಕಾಲಿಟ್ಟವಳಲ್ಲ. ಅವರು ಒಳ್ಳೆಯ ಮನುಷ್ಯರೇ, ಕೂರಿಸಿ ಪೂರ್ತಿ ಕೇಳಿಸಿಕೊಂಡರು.

‘ಆ ಚೀಟಿ ಈಗ ಇದೆಯಾ?’

‘ಇಲ್ಲ ಸಾರ್. ಅವರ ಕೈಗೇ ಕೊಟ್ಟುಬಿಟ್ಟೆ.’

‘ಕೊಟ್ಟದ್ದನ್ನ ಬೇರೆ ಯಾರಾದ್ರೂ ನೋಡಿದ್ರಾ?’

‘ಇಲ್ಲ ಸಾರ್.’

‘ಅದರಲ್ಲಿ ಏನು ಬರೆದಿತ್ತು ಅಂತ ನೋಡಿದ್ರಾ?’

‘ನಾವು ಓದಲ್ಲ ಸಾರ್. ಅವರವರದು ಅವರವರಿಗೆ ಕೊಡೋದಷ್ಟೇ.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನೋಡಿ ಅಮ್ಮ, ಆರು ವಾರ ವಿಚಾರಣೆ ನಡೀತು. ಹಳದಿ ಚೀಟಿ ಎಲ್ಲಿ ಅನ್ನೋದೇ ಅಲ್ಲಿದ್ದ ಪ್ರಶ್ನೆ. ನೀವು ಇದೇ ಕಟ್ಟಡದ ಕೆಳಗಿದ್ರಿ. ಯಾಕೆ ಬಂದು ಹೇಳಲಿಲ್ಲ?’

‘ನನಗೆ ಗೊತ್ತಿರಲಿಲ್ಲ.’

‘ಸ್ವಂತ ಮಗಳ ವಿಚಾರಣೆ. ಏನು ವಿಷಯ ಅಂತ ಗೊತ್ತಿರಲಿಲ್ವಾ?’

‘ಇಲ್ಲ ಸಾರ್.’

‘ಆರು ವಾರ ಏನು ಮಾಡ್ತಿದ್ರಿ?’

ಅವಳು ತಲೆ ತಗ್ಗಿಸಿದಳು. ‘ಪ್ರಾರ್ಥನೆ ಮಾಡ್ತಿದ್ದೆ.’

ಅವರು ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಬರುತ್ತಿತ್ತು. ತಾಯಿಯಾದವಳು ಮಗಳಿಗಾಗಿ ಇಷ್ಟು ಹೇಳುವುದು ಸಹಜ, ನನಗೆ ಅರ್ಥವಾಗುತ್ತದೆ, ಆದರೆ ಇದರಿಂದ ಏನೂ ಮಾಡಲು ಬರುವುದಿಲ್ಲ ಎಂದು ಮೆತ್ತಗೆ ಹೇಳಿ ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಹೊರಗೆ ಬಂದ ಮೇಲೆ ಅವಳಿಗೆ ಹೊಳೆಯಿತು, ಅವರು ತನ್ನ ಒಂದು ಮಾತನ್ನೂ ನಂಬಲಿಲ್ಲ. ಇಪ್ಪತ್ತೆರಡು ವರ್ಷ ಒಂದೂ ಸುಳ್ಳಾಡದವಳು ಕೊನೆಗೂ ಬಾಯಿ ಬಿಟ್ಟು ಒಂದು ನಿಜ ಹೇಳಿದರೆ ಅದು ಸುಳ್ಳಿನ ಲೆಕ್ಕಕ್ಕೆ ಹೋಯಿತು.

ಮಾರನೆಯ ದಿನ ಒಂದು ಗಂಟೆಗೆ ಯಂತ್ರಗಳು ನಿಂತವು. ಅರ್ಜಿಯಕ್ಕ ಅಭ್ಯಾಸಬಲದಿಂದ ರಾಶಿಯ ಮುಂದೆ ಬಂದು ನಿಂತು ಅಂಗೈಗಳನ್ನು ಇಟ್ಟಳು. ಬಟ್ಟೆ ಬಿಸಿಯಾಗಿತ್ತು. ಮೂರನೇ ವಾರ್ಡಿನ ಅಜ್ಜ ಎಂದು ಶುರು ಮಾಡಬೇಕಿತ್ತು, ಬಾಯಿಂದ ಬಂದದ್ದು ಬೇರೆ. ಈ ಸಲ ತುಟಿಯಲ್ಲಲ್ಲ, ಗಟ್ಟಿಯಾಗಿಯೇ ಬಂತು, ಊಟಕ್ಕೆ ಕೂತವರೆಲ್ಲ ತಿರುಗಿ ನೋಡುವಷ್ಟು.

‘ನನಗೆ ಗೊತ್ತಿರಲಿಲ್ಲ. ಒಪ್ಪಿಕೊಂಡೆ. ನಿನಗೆ ಗೊತ್ತಿತ್ತಲ್ಲ? ಚೀಟಿ ಯಾರ ಜೇಬಲ್ಲಿತ್ತು, ಯಾರ ಕೈಗೆ ಹೋಯ್ತು, ಎಲ್ಲ ನೋಡ್ತಾ ಇದ್ದೆಯಲ್ಲ? ದಡ್ಡಿ, ಯಾರಿಗೆ ಏನು ಬೇಡ್ತಿದೀಯ ಅಂತ ಒಂದು ಸಲ ನನ್ನ ಬಾಯಿಗೆ ಹೊಡೀಬಾರದಿತ್ತಾ? ಎಷ್ಟು ಜನರ ಅರ್ಜಿನ ಮೂಲೆಗೆ ಎಸೆದಿದೀಯ. ಇದೊಂದನ್ನೇ ಯಾಕೆ ಅಷ್ಟು ಮುತುವರ್ಜಿಯಿಂದ ನಡೆಸಿಕೊಟ್ಟೆ? ನ್ಯಾಯ ನಿನ್ನ ಹತ್ರ ಇದೆ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ. ನನಗೆ ಮೋಸ ಮಾಡಿದೆ ನೀನು. ಅವಳಾದ್ರೂ ಹೆದರಿಕೊಂಡು ಮಾಡಿದ್ಲು. ನಿನಗೆ ಯಾರ ಹೆದರಿಕೆ?’

ಬಾಯ್ಲರ್‌ನವನು ಬಾಯಿಗೆ ತೆಗೆದುಕೊಂಡು ಹೋಗುತ್ತಿದ್ದ ತುತ್ತನ್ನು ಡಬ್ಬಿಗೇ ಇಳಿಸಿದ. ಅರ್ಜಿಯಕ್ಕ ರಾಶಿಯ ಮೇಲಿಂದ ಕೈ ತೆಗೆದು, ಮೂಲೆಗೆ ಹೋಗಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಉಳಿದ ಅಷ್ಟೂ ಹೊತ್ತು ಊಟದ ಡಬ್ಬಿಯ ಮುಂದೆ ಕೂತಳು. ಒಂದು ತುತ್ತೂ ಇಳಿಯಲಿಲ್ಲ.

ಮಗಳು ಆಮೇಲೆ ಒಂದು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಬಂದವರ ಕಾಲಿನ ಅಳತೆ ನೋಡಿ, ಏಣಿ ಹತ್ತಿ, ಮೇಲಿನಿಂದ ಡಬ್ಬ ಇಳಿಸುವ ಕೆಲಸ. ಮಗಳ ಮುಂದೆ ಚೀಟಿಯ ಮಾತು ಹೇಳಲು ಅರ್ಜಿಯಕ್ಕನಿಗೆ ಹನ್ನೊಂದು ದಿನ ಬಾಯಿ ಬರಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಮಗಳು ಹೊರಡುವ ಮುಂಚೆ ತಲೆ ಬಾಚಿಕೊಳ್ಳುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟಳು. ಕೋಟು, ಡಬ್ಬ, ಚೀಟಿ, ನೀರು, ಆರು ಬುಧವಾರ. ಒಂದನ್ನೂ ಮುಚ್ಚಿಡಲಿಲ್ಲ, ‘ಬೇರೆ ಕಡೆ ತಿರುಗಿಸು’ ಎಂದು ತಾನೇ ಬೇಡಿಕೊಂಡದ್ದನ್ನೂ.

ಮಗಳು ಬಾಚಣಿಗೆ ಹಿಡಿದುಕೊಂಡೇ ಕೇಳಿದಳು. ಅವಳು ಕಿರುಚುತ್ತಾಳೆ, ಏನನ್ನಾದರೂ ಎತ್ತಿ ಎಸೆಯುತ್ತಾಳೆ ಎಂದು ಅರ್ಜಿಯಕ್ಕ ಕಾದಳು. ಹಾಗೇನೂ ಆಗಲಿಲ್ಲ.

‘ನನಗೋಸ್ಕರ ಏನು ಬೇಡ್ಕೊಂಡೆ?’

‘ಏನೂ ಇಲ್ಲ ಕಣೇ.’ ಅರ್ಜಿಯಕ್ಕನಿಗೆ ಅಳು ಒತ್ತರಿಸಿ ಬಂತು. ‘ನಮ್ಮನೆಯವರಿಗೆ ಬೇಡ್ಕೋಬಾರದು ಅಂತ. ಕೇಳದೇನೇ ನೋಡ್ಕೋತಾನೆ ಅಂತ ನಂಬಿದ್ದೆ. ಅವನು ಹೀಗೆ ಕೈ ಕೊಡ್ತಾನೆ ಅಂತ ಯಾರಿಗೆ ಗೊತ್ತಿತ್ತು? ಇನ್ನು ಜನ್ಮದಲ್ಲಿ ಅವನ ಮುಂದೆ ನಿಲ್ಲಲ್ಲ. ನಿನ್ನಾಣೆ, ಅವನ ಮುಖ ನೋಡಲ್ಲ ನಾನು.’

ಮಗಳು ಜಡೆ ಹಾಕಿ ಮುಗಿಸಿದಳು. ಚೀಲಕ್ಕೆ ಊಟದ ಡಬ್ಬಿ ಹಾಕಿಕೊಂಡಳು. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟುತ್ತ, ತಾಯಿಯ ಕಡೆ ತಿರುಗದೆ ಹೇಳಿದಳು:

‘ದೇವರ ಮೇಲೆ ನನಗೆ ಸಿಟ್ಟಿಲ್ಲಮ್ಮ. ಅವನ ಹತ್ರ ನಾನು ಹೋಗಿರಲೇ ಇಲ್ಲ. ಅವತ್ತು ನಾನು ಬಂದಿದ್ದು ನಿನ್ನ ಹತ್ರ.’